ಬಿಎ ಆದ ಮೇಲೆ ಮಲ್ಟಿಮೀಡಿಯಾ ಕಂಪ್ಯೂಟಿಂಗ್: ಗಣಿತ ಬಿಟ್ಟವರ ಪಾಡೇನು?

ಡಿಗ್ರಿ ರಿಸಲ್ಟ್ ಬಂದ ಕೂಡಲೇ ನಮ್ಮ ಕಡೆ ಬಿಕಾಂ ಆದವರಿಗೆ ದಾರಿ ರೆಡಿ ಇರುತ್ತದೆ. ಸಿಎ, ಬ್ಯಾಂಕ್ ಪರೀಕ್ಷೆ, ಅದಿಲ್ಲದಿದ್ದರೆ ಎಂಬಿಎ. ಬಿಎ ಆದವರಿಗೆ ಮಾತ್ರ ಮದುವೆ ಊಟದ ಪಂಕ್ತಿಯಲ್ಲಿ ಕೂತರೂ ಒಂದೇ ಪ್ರಶ್ನೆ: "ಇನ್ನು ಬಿಎಡ್ ಮಾಡುದಾ?"

ಈಚೆಗೆ ಮಕ್ಕಳು ಈ ಪ್ರಶ್ನೆಗೆ ಹೊಸ ಉತ್ತರ ಕೊಡುತ್ತಿದ್ದಾರೆ. ಮಲ್ಟಿಮೀಡಿಯಾದಲ್ಲಿ ಪಿಜಿ ಮಾಡ್ತೇವೆ ಅಂತ. ರೀಲ್ಸ್ ಎಡಿಟ್ ಮಾಡಿ ಕೈ ಪಳಗಿದೆ. ಊರಿನ ಯುವಕ ಮಂಡಲದ ಗಣೇಶೋತ್ಸವದ ಪೋಸ್ಟರ್ ಇವರದ್ದೇ. ಅದೇ ಕೆಲಸಕ್ಕೆ ಒಂದು ಪದವಿಯೂ ಸಿಕ್ಕಿದರೆ ಒಳ್ಳೆಯದಲ್ವಾ? ಯೋಚನೆ ತಪ್ಪಲ್ಲ. ನಾನೂ ಬಿಎ. ಕನ್ನಡ, ಚರಿತ್ರೆ, ಪತ್ರಿಕೋದ್ಯಮ. ಸ್ವಲ್ಪ ಕಾಲ ಉಡುಪಿಯಲ್ಲಿ ಮದುವೆ ವಿಡಿಯೋ ತೆಗೆಯುವವರ ಜೊತೆ ಕೆಲಸ ಮಾಡಿದೆ. ಆಮೇಲೆ ಮಲ್ಟಿಮೀಡಿಯಾ ಕಂಪ್ಯೂಟಿಂಗಿನಲ್ಲಿ, ಅಂದರೆ ಚಿತ್ರ, ಸದ್ದು, ವಿಡಿಯೋಗಳನ್ನು ಕಂಪ್ಯೂಟರ್ ಹೇಗೆ ನಿಭಾಯಿಸುತ್ತದೆ ಅನ್ನುವುದರಲ್ಲಿ, ಪಿಜಿ ಮಾಡಿ, ಈಗ ಮಂಗಳೂರಿನಲ್ಲಿ ಅದರಿಂದಲೇ ಹೊಟ್ಟೆ ಹೊರೆಯುತ್ತಿದ್ದೇನೆ. ಹಾಗಾಗಿ ಬೇಡ ಅನ್ನುವವಳು ನಾನಲ್ಲ. ಆದರೆ ಸೇರುವ ಮೊದಲು ಏನನ್ನು ಕಲಿಸುತ್ತಾರೆ ಅಂತ ನೋಡಿ ಸೇರಿ ಅನ್ನುತ್ತೇನೆ. ಯಾಕೆಂದರೆ ಒಂದೇ ಬೋರ್ಡಿನ ಕೆಳಗೆ ಬೇರೆ ಬೇರೆ ಸಾಮಾನು ಮಾರಾಟಕ್ಕಿದೆ.

ಒಂದು, ಸಾಫ್ಟ್‌ವೇರ್ ಕಲಿಸುವ ಕೋರ್ಸುಗಳು. ಫೋಟೋಶಾಪ್, ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್. ಯಾವ ಬಟನ್ ಎಲ್ಲಿದೆ ಅನ್ನುವುದೇ ಪಾಠ. ಇದಕ್ಕೆ ಎರಡು ವರ್ಷದ ಪಿಜಿ ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಯೂಟ್ಯೂಬ್ ನೋಡಿ ಒಂದು ಮಳೆಗಾಲದಲ್ಲಿ ಕಲಿಯಬಹುದು. ಇನ್ನೊಂದು, ಕೊಣಾಜೆ, ಮಣಿಪಾಲ, ಮೂಡುಬಿದಿರೆ ಕಡೆ ಇರುವ ಪತ್ರಿಕೋದ್ಯಮ, ಸಂವಹನದ ಪಿಜಿಗಳು. ಅವು ಒಳ್ಳೆಯವೇ, ಆದರೆ ಅಲ್ಲಿ ಮುಖ್ಯ ಸುದ್ದಿ ಮತ್ತು ಕಥೆ. ಯಂತ್ರ ಅಲ್ಲ. ಎಂಸಿಎ ಬೇರೆಯೇ ದಾರಿ. 2020-21ರಿಂದ ಅದು ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿಯಿತು. ಬಿಎ ಆದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಗಣಿತ ಓದದವರಿಗೆ ಬ್ರಿಡ್ಜ್ ಕೋರ್ಸ್ ಅಂತ ಮಾಡುತ್ತಾರೆ. ಆ ವರ್ಷದ ಪಿಜಿಸಿಇಟಿ (ಪಿಜಿ ಪ್ರವೇಶ ಪರೀಕ್ಷೆ) ಪ್ರಕಟಣೆ ಓದಿಯೇ ಮುಂದೆ ಹೋಗಬೇಕು.

ಇನ್ನು ಬ್ರಿಟನ್ನಿನವರದ್ದು ಕನ್ವರ್ಷನ್ ಮಾಸ್ಟರ್ಸ್. ಯಾವ ಪದವಿ ಆದರೂ ಸರಿ, ಬನ್ನಿ, ಒಂದು ವರ್ಷದಲ್ಲಿ ಕಂಪ್ಯೂಟರ್ ಕಡೆಗೆ ತಿರುಗಿಸುತ್ತೇವೆ ಅನ್ನುವ ಎಂಎಸ್ಸಿ. ಒಟ್ಟು 180 ಕ್ರೆಡಿಟ್, ಅದರಲ್ಲಿ ಸಾಮಾನ್ಯವಾಗಿ 60 ಕೊನೆಯ ಪ್ರಾಜೆಕ್ಟಿಗೆ. ಅಲ್ಲಿಗೆ ಪಾಠಕ್ಕೆ ಉಳಿಯುವುದು ಎಷ್ಟು ತಿಂಗಳು ಅಂತ ನೀವೇ ಲೆಕ್ಕ ಹಾಕಿ. ಚಳಿಗಾಲದಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿ, ಬೇಸಿಗೆಗೆ ಸ್ವಂತ ಪ್ರಾಜೆಕ್ಟ್ ಮಾಡಬೇಕು. ಆಗುವುದಿಲ್ಲ ಅಂತಲ್ಲ, ಮಾಡಿದವರನ್ನು ನೋಡಿದ್ದೇನೆ. ಆದರೆ ಇಲ್ಲಿಂದ ಏನೂ ಕಲಿಯದೆ ವಿಮಾನ ಹತ್ತಿದರೆ ಕಷ್ಟ. ಮನೆ ಅಡವಿಟ್ಟು ಸಾಲ ಮಾಡಿ ಹೋಗುವ ಮಾತು ಬಂದರೆ ಅಪ್ಪ ಅಮ್ಮನ ಜೊತೆ ಬಡ್ಡಿಯ ಲೆಕ್ಕವನ್ನೂ ಕೂತು ಹಾಕಿ. ಅಷ್ಟೇ.

ಬಟನ್ ಕಲಿಯುವುದಕ್ಕೂ ಒಳಗಿನ ಲೆಕ್ಕ ಕಲಿಯುವುದಕ್ಕೂ ಏನು ವ್ಯತ್ಯಾಸ? ಮದುವೆ ಹಾಲಿನಲ್ಲಿ ಕ್ಯಾಮೆರಾ ಹಿಡಿದಾಗ ನನಗೆ ಸಿಕ್ಕಿದ ಮೊದಲ ಉಪದೇಶ, "ಶಟರ್ 50ರಲ್ಲಿಡು. ಪಟ್ಟಿ ಬರುದಿಲ್ಲ." ಜೊತೆಗಿದ್ದ ಕ್ಯಾಮೆರಾದ ಅಣ್ಣ ಹೇಳಿದರು, ಇಟ್ಟೆ, ಪಟ್ಟಿ ಬರಲಿಲ್ಲ. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಕಾರಣ ಕರೆಂಟಿನಲ್ಲಿದೆ. ನಮ್ಮ ದೇಶದ ಕರೆಂಟ್ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು. ಸುತ್ತಿಗೆ ಎರಡು ಸಲದಂತೆ ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಶಟರ್ ಒಂದು ಸೆಕೆಂಡಿನ 50ರಲ್ಲಿ ಒಂದು ಭಾಗ ತೆರೆದಿದ್ದರೆ ಸರಿಯಾಗಿ ಎರಡು ಮಿನುಗು ಒಳಗೆ ಬರುತ್ತವೆ. ಎಲ್ಲ ಸಾಲಿಗೂ ಒಂದೇ ಬೆಳಕು. 60ಕ್ಕೆ ಇಟ್ಟರೆ ಒಂದೂ ಮುಕ್ಕಾಲು ಹತ್ತಿರದ ಮಿನುಗು ಬಂತು. ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುವುದರಿಂದ ಕೆಲವು ಸಾಲಿಗೆ ಬೆಳಕು ಜಾಸ್ತಿ, ಕೆಲವಕ್ಕೆ ಕಡಿಮೆ. ಅದೇ ಅಡ್ಡ ಪಟ್ಟಿ.

ಅಣ್ಣನ ಸೂತ್ರ ನಡೆಯುತ್ತಿರುವಾಗ ಕಾರಣ ಯಾರಿಗೆ ಬೇಕು? ಆದರೆ ಈಗ ರಂಗಸ್ಥಳಕ್ಕೂ ಸಭಾಭವನಕ್ಕೂ ಎಲ್‌ಇಡಿ ಬಂದಿದೆ. ಡಿಮ್ ಮಾಡಿದಾಗ ಕೆಲವು ಎಲ್‌ಇಡಿಗಳು ಕರೆಂಟಿಗೆ ಸಂಬಂಧವೇ ಇಲ್ಲದ ವೇಗದಲ್ಲಿ ಮಿನುಗುತ್ತವೆ. ಅಲ್ಲಿ 50ರ ಸೂತ್ರ ಕೈ ಕೊಡುತ್ತದೆ. ಸೂತ್ರ ಮಾತ್ರ ಗೊತ್ತಿದ್ದವರು ಕ್ಯಾಮೆರಾ ಹಾಳಾಗಿದೆ ಅಂತ ಸರ್ವಿಸಿಗೆ ಕೊಡುತ್ತಾರೆ. ಕಾರಣ ಗೊತ್ತಿದ್ದವರು ಶಟರ್ ಚೂರು ಚೂರೇ ಬದಲಿಸಿ ಆ ದೀಪದ ವೇಗ ಹುಡುಕುತ್ತಾರೆ. ಪಿಜಿಯಲ್ಲಿ ಕಲಿಯಬೇಕಾದ್ದು ಈ ಎರಡನೇ ಬಗೆಯ ವಿದ್ಯೆ. ಬೇರೆಲ್ಲ ಇದರ ಮೇಲೆ ಕೂರುತ್ತದೆ.

ನಮ್ಮ ಕ್ಲಾಸಿನಲ್ಲಿ ಒಬ್ಬರು ಸರ್ ಇದ್ದರು. ಪಠ್ಯದಲ್ಲಿ ಇದ್ದ ವಿದೇಶದ ಉದಾಹರಣೆ ಬಿಟ್ಟು, "ನಿಮ್ಮೂರಿನ ಯಕ್ಷಗಾನ ಆಟ ಒಂದು ರೆಕಾರ್ಡ್ ಮಾಡಿದ್ದೀರಿ ಅಂತಿಟ್ಟುಕೊಳ್ಳಿ" ಅಂತ ಶುರು ಮಾಡಿದರು. ಫುಲ್ ಎಚ್‌ಡಿ ಚೌಕಟ್ಟು ಒಂದರಲ್ಲಿ 1920 ಅಡ್ಡ, 1080 ಉದ್ದ, ಅಂದರೆ 20,73,600 ಪಿಕ್ಸೆಲ್. ಒಂದೊಂದಕ್ಕೆ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್. ಒಂದು ಚೌಕಟ್ಟಿಗೇ 62 ಲಕ್ಷ ಬೈಟ್ ದಾಟಿತು. ಸೆಕೆಂಡಿಗೆ ಅಂಥ 25 ಚೌಕಟ್ಟು. ಒಂದು ಗಂಟೆಗೆ ಸುಮಾರು 560 ಜಿಬಿ. ರಾತ್ರಿ ಬೆಳಗಾಗುವ ಎಂಟು ಗಂಟೆಯ ಆಟಕ್ಕೆ ಸುಮಾರು ನಾಲ್ಕೂವರೆ ಟಿಬಿ. (ಈಗ ಕಾಲಮಿತಿ ಆಟವೇ ಜಾಸ್ತಿ. ಹಾರ್ಡ್‌ಡಿಸ್ಕಿನ ದೃಷ್ಟಿಯಿಂದ ಒಳ್ಳೆಯದು, ನನ್ನ ಅಜ್ಜನ ದೃಷ್ಟಿಯಿಂದ ಅಲ್ಲ.) ಇಷ್ಟು ದೊಡ್ಡದು ಮೊಬೈಲಿನಲ್ಲಿ ಲೈವ್ ಬರುವುದು ಹೇಗೆ? ಸೆಕೆಂಡಿಗೆ 5 ಮೆಗಾಬಿಟ್ಟಿನಲ್ಲಿ (ಎಂಟು ಬಿಟ್ ಸೇರಿ ಒಂದು ಬೈಟ್) ಕಳಿಸಿದರೆ ಇಡೀ ರಾತ್ರಿ 18 ಜಿಬಿಯಲ್ಲಿ ಮುಗಿಯುತ್ತದೆ. ಇನ್ನೂರೈವತ್ತರಲ್ಲಿ ಒಂದು ಪಾಲು. ಉಳಿದದ್ದು ಎಲ್ಲಿಗೆ ಹೋಯಿತು?

ಆ ಕ್ಲಾಸು ಮುಗಿಯುವವರೆಗೆ ಯಾರೂ ಫೋನ್ ತೆಗೆಯಲಿಲ್ಲ.

ಹೋದದ್ದರಲ್ಲಿ ಕೆಲವು ನಮಗೆ ಬೇಡದ್ದು. ಒಂದು ಚೌಕಟ್ಟಿಗೂ ಮುಂದಿನದಕ್ಕೂ ಹಿಂದಿನ ಪರದೆ ಬದಲಾಗುವುದಿಲ್ಲ. ಬದಲಾದದ್ದನ್ನು ಮಾತ್ರ ಬರೆದರೆ ಸಾಕು. ನಮ್ಮ ಕಣ್ಣು ಬೆಳಕು ನೆರಳಿನ ವ್ಯತ್ಯಾಸ ಹಿಡಿಯುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸ ಹಿಡಿಯುವುದಿಲ್ಲ. ಹಾಗಾಗಿ ಬಣ್ಣದ ವಿವರವನ್ನು ನಾಲ್ಕು ಪಿಕ್ಸೆಲಿಗೆ ಒಂದರಂತೆ ಇಟ್ಟರೂ ನಡೆಯುತ್ತದೆ. ಉಳಿದ ಚಿತ್ರವನ್ನು ಸಣ್ಣ ಸಣ್ಣ ಚೌಕ ಮಾಡುತ್ತಾರೆ. ಜೆಪೆಗ್ ಅನ್ನುವ ಫೋಟೋ ಫೈಲಿನಲ್ಲಿ ಎಂಟಕ್ಕೆ ಎಂಟು. ಆ 64 ಪಿಕ್ಸೆಲನ್ನು ಬೇರೆ 64 ಸಂಖ್ಯೆಯಾಗಿ ಬದಲಿಸುತ್ತಾರೆ. ಮೊದಲನೆಯದು ಇಡೀ ಚೌಕದ ಒಟ್ಟಾರೆ ಬೆಳಕು. ನಂತರದವು ಚೌಕದೊಳಗೆ ಬೆಳಕು ಎಷ್ಟು ಬೇಗ ಬೇಗ ಏರಿಳಿಯುತ್ತದೆ ಅನ್ನುವುದನ್ನು ಹೇಳುತ್ತವೆ. ತೀರಾ ನವಿರಾದ ಏರಿಳಿತದ ಸಂಖ್ಯೆಗಳನ್ನು ದೊಡ್ಡ ಸಂಖ್ಯೆಯಿಂದ ಭಾಗಿಸಿ ಸೊನ್ನೆ ಮಾಡಿಬಿಡುತ್ತಾರೆ. ಸಾಲು ಸಾಲು ಸೊನ್ನೆ ಬರೆಯಲು ಜಾಗ ಬೇಡ.

ಈಗ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ ಮುಖ ನೆನಪು ಮಾಡಿಕೊಳ್ಳಿ. ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನಲ್ಲಿ ಒಂದೊಂದಾಗಿ ಇಟ್ಟ ಚಿಟ್ಟಿ. ಬಿಳಿ ಮುಳ್ಳು, ಪಕ್ಕದಲ್ಲಿ ಕಪ್ಪು, ಮತ್ತೆ ಬಿಳಿ. ಇದಕ್ಕಿಂತ ಬೇಗ ಏರಿಳಿಯುವ ಬೆಳಕು ಇನ್ನೆಲ್ಲಿ ಸಿಗುತ್ತದೆ? ಯಂತ್ರ ಮೊದಲು ಎಸೆಯುವುದು ಅದನ್ನೇ. ಕೆಂಪು ಬಣ್ಣದ ಅಂಚು ಪಕ್ಕಕ್ಕೆ ಇಳಿಯುತ್ತದೆ, ಚಿಟ್ಟಿ ಕರಗಿ ಮುಖಕ್ಕೆ ಸುಣ್ಣ ಹಚ್ಚಿದಂತೆ ಕಾಣುತ್ತದೆ. ವಾಟ್ಸಾಪಿನಲ್ಲಿ ಫಾರ್ವರ್ಡ್ ಆಗಿ ಬಂದ ಯಾವ ಆಟದ ತುಣುಕನ್ನು ಬೇಕಾದರೂ ಜೂಮ್ ಮಾಡಿ ನೋಡಿ. ಇದನ್ನು ನಮ್ಮ ಕ್ಲಾಸಿನಲ್ಲಿ ಮೊದಲು ಕಂಡುಹಿಡಿದವರು ಎಂಜಿನಿಯರಿಂಗ್ ಮುಗಿಸಿ ಬಂದವರಲ್ಲ. ಮೇಳದ ಆಟ ನೋಡಿ ಬೆಳೆದ ಬಿಎ ಹುಡುಗ. ಏನು ಕಳೆದುಹೋಗಿದೆ ಅಂತ ಹೇಳಬೇಕಾದರೆ ಅಲ್ಲಿ ಏನಿತ್ತು ಅಂತ ಗೊತ್ತಿರಬೇಕಲ್ಲ.

ಈ 64 ಸಂಖ್ಯೆಯ ಲೆಕ್ಕಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅನ್ನುತ್ತಾರೆ. ಹೆಸರು ಕೇಳಿಯೇ ಕೆಲವರು ಹೆದರಿದ್ದರು. ಇದನ್ನು ಯೋಚಿಸಿದ ನಾಸಿರ್ ಅಹ್ಮದ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಓದಿದ್ದು ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ. 1972ರಲ್ಲಿ ಇದರ ಮೇಲೆ ಕೆಲಸ ಮಾಡಲು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ಯೋಚನೆ ತೀರಾ ಸರಳವಾಯಿತು ಅಂತ ಪರಿಶೀಲಿಸಿದವರಲ್ಲಿ ಒಬ್ಬರು ಅಂದಿದ್ದರಂತೆ. ಅಹ್ಮದ್ ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆಗೂಡಿ ಬರೆದ ಪ್ರಬಂಧ 1974ರಲ್ಲಿ ಪ್ರಕಟವಾಯಿತು. ನೀವು ಬೆಳಿಗ್ಗೆ ಎದ್ದು ಕಳಿಸುವ ಗುಡ್ ಮಾರ್ನಿಂಗ್ ಚಿತ್ರದ ತನಕ ಎಲ್ಲದರ ಒಳಗೂ ಅದಿದೆ. ಈ ಕಥೆ ಹೇಳಿದ ಮೇಲೆ ಕೊಸೈನಿನ ಹೆದರಿಕೆ ಅರ್ಧ ಇಳಿಯಿತು. ಉಳಿದರ್ಧ ಇಳಿಸಲು ಹೈಸ್ಕೂಲಿನ ಗಣಿತ ಪುಸ್ತಕ ತೆಗೆಯಲೇಬೇಕಾಯಿತು.

ಸದ್ದಿನ ಪಾಠ ಇನ್ನೂ ಚೆನ್ನಾಗಿತ್ತು. ಸಿಡಿಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಇಡುತ್ತಾರೆ. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಜ್ ತನಕ ಕೇಳುತ್ತದೆ, ಅದರ ದುಪ್ಪಟ್ಟಿಗಿಂತ ಜಾಸ್ತಿ ಸಲ ಅಳೆಯಬೇಕು ಅನ್ನುವುದು ನಿಯಮ. ಎಂಪಿ3 ಮಾಡುವಾಗ ದೊಡ್ಡ ಸದ್ದಿನ ಮರೆಯಲ್ಲಿ ಕೇಳಿಸದ ಸಣ್ಣ ಸದ್ದನ್ನು ಬಿಟ್ಟುಬಿಡುತ್ತಾರೆ. ಚೆಂಡೆ ಬಿದ್ದಾಗ ಪಕ್ಕದವರು ಪಿಸುಗುಟ್ಟಿದ್ದು ಕೇಳುತ್ತದಾ? ಇಲ್ಲ. ಹಾಗಾದರೆ ಅದನ್ನು ಬರೆದಿಡುವುದು ಯಾಕೆ?

ಇಲ್ಲೂ ಒಂದು ಎಡವಟ್ಟು ಇದೆ. ಎಂಪಿ3 ಸದ್ದನ್ನು ಸುಮಾರು 26 ಮಿಲಿಸೆಕೆಂಡಿನ ತುಂಡುಗಳಲ್ಲಿ ತೆಗೆದುಕೊಳ್ಳುತ್ತದೆ. ಚೆಂಡೆಯ ಪೆಟ್ಟು ತುಂಡಿನ ನಡುವೆ ಬಿದ್ದರೆ, ಲೆಕ್ಕ ಮೊಟಕು ಮಾಡಿದ್ದರಿಂದ ಹುಟ್ಟಿದ ಕೊಸರು ಇಡೀ ತುಂಡಿಗೆ ಹರಡುತ್ತದೆ. ಪೆಟ್ಟಿನ ನಂತರ ಬಂದದ್ದು ಮರೆಯಾಗುತ್ತದೆ. ಪೆಟ್ಟಿಗಿಂತ ಮೊದಲು ಬಂದದ್ದು ಮಾತ್ರ "ಸ್ಸ್" ಅಂತ ಕೇಳಿಸಿಬಿಡುತ್ತದೆ. ಇದಕ್ಕೆ ಪ್ರಿ-ಎಕೋ ಅನ್ನುತ್ತಾರೆ. ಇದನ್ನು ತಪ್ಪಿಸಲು ಒಳ್ಳೆಯ ಎನ್‌ಕೋಡರ್ (ಎಂಪಿ3 ಮಾಡುವ ಸಾಫ್ಟ್‌ವೇರ್) ಪೆಟ್ಟು ಬರುವಲ್ಲಿ ತುಂಡನ್ನು ಸಣ್ಣದು ಮಾಡುತ್ತದೆ. ಪಠ್ಯಪುಸ್ತಕಗಳಲ್ಲಿ ಇದನ್ನು ಪರೀಕ್ಷಿಸಲು ಸ್ಪೇನಿನ ಕ್ಯಾಸ್ಟನೆಟ್ ಅನ್ನುವ ಮರದ ತಾಳವನ್ನು ಬಳಸುತ್ತಾರೆ. ನಾವು ಚೆಂಡೆ ಬಳಸಿದೆವು. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬಳಸುವ ಬಿಟ್ಟುಗಳ ಲೆಕ್ಕ, ಇಳಿಸುತ್ತಾ ಹೋದಂತೆ ಯಾರ ಕಿವಿಗೆ ಮೊದಲು ಕಿರಿಕಿರಿ ಆಗುತ್ತದೆ ಅಂತ ನೋಡಿದರೆ, ಮದ್ದಳೆ ಕಲಿತ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಅವಳೂ ಬಿಎ.

ಇಷ್ಟು ಓದಿ ಎಲ್ಲ ಕ್ಲಾಸೂ ಹೀಗೇ ಇರುತ್ತದೆ ಅಂದುಕೊಳ್ಳಬೇಡಿ. ಸ್ಲೈಡ್ ಓದಿ ಹೇಳುವವರೂ ಇರುತ್ತಾರೆ. ಮೊದಲ ಸೆಮಿಸ್ಟರಿನ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ನಮಗೆ ಕೊಟ್ಟದ್ದು ನೌಕರರ ಸಂಬಳದ ಪಟ್ಟಿ ಮಾಡುವ ಪ್ರೋಗ್ರಾಮ್. ಬೇಸಿಕ್, ಡಿಎ, ಪಿಎಫ್ ಕಡಿತ. ಸಂಬಳವೇ ಕಾಣದ ಮಕ್ಕಳಿಗೆ ಇದು ಯಾವ ಉತ್ಸಾಹ ತರುತ್ತದೆ? ಚಿತ್ರಕಾರರು, ವಿನ್ಯಾಸಕಾರರು ಪ್ರೋಗ್ರಾಮಿಂಗ್ ಕಲಿಯಲಿ ಅಂತಲೇ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಪ್ರೊಸೆಸಿಂಗ್ ಅನ್ನುವ ಭಾಷೆ ಶುರು ಮಾಡಿದರು. ಅದರಲ್ಲಿ ಮೊದಲ ದಿನವೇ ಪರದೆಯ ಮೇಲೆ ಒಂದು ಗೆರೆ ಬರುತ್ತದೆ, ಬಣ್ಣ ಬರುತ್ತದೆ. ಉಚಿತವೂ ಹೌದು. ಬಿಎ ಆದವರಿಗೆ ಪಾಠ ಮಾಡುವವರು ಸಂಬಳದ ಪಟ್ಟಿಯಿಂದಲೇ ಯಾಕೆ ಶುರು ಮಾಡುತ್ತಾರೋ ದೇವರಿಗೇ ಗೊತ್ತು.

ಅದಕ್ಕಿಂತ ದೊಡ್ಡ ಹೊಂಡ ಇನ್ನೊಂದಿದೆ. ಗ್ರೂಪ್ ಪ್ರಾಜೆಕ್ಟ್. ನಾಲ್ಕು ಜನರ ಗುಂಪು ಮಾಡುತ್ತಾರೆ, ಒಬ್ಬ ಬಿಸಿಎ ಆದವನು ಇರುತ್ತಾನೆ. "ಕೋಡಿಂಗ್ ನಾನು ನೋಡ್ಕೊಳ್ತೇನೆ, ನೀವು ಪಿಪಿಟಿ ಮಾಡಿ, ವಾಯ್ಸ್ ಓವರ್ ಕೊಡಿ, ರಿಪೋರ್ಟ್ ಬರೀರಿ" ಅನ್ನುತ್ತಾನೆ. ಕೆಟ್ಟ ಮನಸ್ಸಿನಿಂದ ಅಲ್ಲ, ಕೆಲಸ ಬೇಗ ಮುಗಿಯಲಿ ಅಂತ. ಎಲ್ಲರಿಗೂ ಖುಷಿ. ಮಾರ್ಕ್ಸೂ ಬರುತ್ತದೆ. ಎರಡು ವರ್ಷ ಹೀಗೆ ಕಳೆದರೆ ಬಿಎ ಆದವರು ಬಂದಾಗ ಏನು ಗೊತ್ತಿತ್ತೋ ಅಷ್ಟೇ ಹಿಡಿದುಕೊಂಡು ವಾಪಸು ಹೋಗುತ್ತಾರೆ. ಇಂಥ ಕೋರ್ಸುಗಳು ಸೋಲುವುದು ಗಣಿತದಿಂದ ಅಲ್ಲ, ಈ ಹೊಂದಾಣಿಕೆಯಿಂದ ಅಂತ ನನ್ನ ಖಚಿತ ಅಭಿಪ್ರಾಯ. ಸೇರಿದರೆ ಒಂದು ಹಟ ಇಟ್ಟುಕೊಳ್ಳಿ. ಪ್ರತಿ ಪ್ರಾಜೆಕ್ಟಿನಲ್ಲಿ ಒಂದು ಭಾಗದ ಕೋಡ್ ನಿಮ್ಮದಾಗಿರಲಿ. ಎಷ್ಟೇ ಕೆಟ್ಟದಾಗಿ ಓಡಿದರೂ ಪರವಾಗಿಲ್ಲ.

ಕೆಲಸದ ವಿಷಯ ಬೇಗ ಹೇಳಿಬಿಡುತ್ತೇನೆ. ಮಂಗಳೂರಿನಲ್ಲಿ ಇ-ಲರ್ನಿಂಗ್, ಆಟದ ಲೈವ್, ತುಳು ಸಿನಿಮಾದ ಎಡಿಟಿಂಗ್, ವೆಬ್ ಸುದ್ದಿ ಅಂತ ಚಿಲ್ಲರೆ ಚಿಲ್ಲರೆಯಾಗಿ ಕೆಲಸ ಉಂಟು. ಸಂಬಳ ಬೆಂಗಳೂರಿನಷ್ಟು ಇಲ್ಲ. ಎಐ ಬಂದ ಮೇಲೆ ಬಟನ್ ಒತ್ತುವ ಕೆಲಸಕ್ಕೆ ಬೆಲೆ ಇಳಿಯುತ್ತಿದೆ. ಹಿಂದೆ ಫೋಟೋದ ಹಿನ್ನೆಲೆ ಕತ್ತರಿಸಲು ಒಬ್ಬರಿಗೆ ಅರ್ಧ ದಿನ ಬೇಕಿತ್ತು, ಈಗ ಮೊಬೈಲೇ ಮಾಡುತ್ತದೆ. ಆದರೆ ಅದೇ ಎಐ ಮಾಡಿದ ಪೋಸ್ಟರಿನಲ್ಲಿ ಕನ್ನಡದ ಒತ್ತಕ್ಷರ ಎಷ್ಟೋ ಸಲ ಅಡ್ಡಾದಿಡ್ಡಿ. ಅದು ಯಾಕೆ ಹಾಗಾಗುತ್ತದೆ ಅಂತ ಗೊತ್ತಿರುವವರನ್ನು ಕೇಳಿಕೊಂಡು ಜನ ಬರುತ್ತಾರೆ.

ನನ್ನ ಚಿಕ್ಕಮ್ಮನ ಮಗಳು ಕಾರ್ಕಳದಲ್ಲಿ ಬಿಎ ಮುಗಿಸಿದ್ದಾಳೆ. ಐಚ್ಛಿಕ ಕನ್ನಡ. "ಅಕ್ಕ, ಎಸೆಸೆಲ್ಸಿ ನಂತರ ಗಣಿತ ಮುಟ್ಟಿಲ್ಲ. ನನ್ನಿಂದ ಆಗ್ತದಾ?" ಅಂತ ಕೇಳಿದಳು. ನಾನು ಹೌದು, ಅಲ್ಲ ಅಂತ ಹೇಳಲಿಲ್ಲ. ಫೀಸ್ ಕಟ್ಟುವ ಮೊದಲು ಮನೆಯಲ್ಲೇ ಒಂದು ಪ್ರೋಗ್ರಾಮ್ ಬರಿ ಅಂದೆ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವ ಪ್ರೋಗ್ರಾಮ್.

ಎಲ್ಲ ನಿಯಮವೂ ಅವಳಿಗೆ ಬಾಯಿಪಾಠ. ದೀರ್ಘ ಆದರೆ ಗುರು. ಒತ್ತಕ್ಷರದ ಹಿಂದಿನದು ಗುರು. ಅನುಸ್ವಾರ, ವಿಸರ್ಗ ಇದ್ದರೆ ಗುರು. ಅರ್ಧಾಕ್ಷರದ ಹಿಂದಿನದೂ ಗುರು. ಉಳಿದದ್ದು ಲಘು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 1, 2, 4, 5ನೇ ಸಾಲಿಗೆ 14 ಮಾತ್ರೆ. 3 ಮತ್ತು 6ನೇ ಸಾಲಿಗೆ 23, ಕೊನೆಯ ಅಕ್ಷರ ಗುರು. ಹೈಸ್ಕೂಲಿನಿಂದ ಕೈಯಲ್ಲಿ ಮಾಡಿಕೊಂಡು ಬಂದದ್ದು. ಪ್ರೋಗ್ರಾಮ್ ಅಂದರೂ ಇದೇ. ಇದ್ದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು, ಸಾಲು ಮುಗಿಯುವ ತನಕ ಮಾಡುತ್ತಾ ಹೋಗು. ಮೂರು ಅಕ್ಷರದಲ್ಲಿ ಗುರು ಲಘು ಸೇರಿ ಎಂಟೇ ಗಣ ಯಾಕೆ ಅಂತ ಗೊತ್ತಿರುವವರಿಗೆ, ಸೊನ್ನೆ-ಒಂದರ ಮೂರು ಬಿಟ್ಟಿನಲ್ಲಿ ಎಂಟು ಸಂಖ್ಯೆ ಯಾಕೆ ಅಂತ ಬೇರೆ ಪಾಠ ಬೇಡ.

ಅವಳು ಪೈಥಾನ್ ಹಾಕಿಕೊಂಡಳು. ಮೊದಲ ಸಾಲಿನಲ್ಲೇ ಜಗಳ. "ಯಕ್ಷಗಾನ" ಅಂತ ಕೊಟ್ಟು ಎಷ್ಟು ಅಕ್ಷರ ಅಂತ ಕೇಳಿದರೆ ಅದು 7 ಅನ್ನುತ್ತದೆ. ನಾವು ಎಣಿಸಿದರೆ ನಾಲ್ಕು. ಯಂತ್ರಕ್ಕೆ ಯ, ಕ, ಹಲಂತದ ಚಿಹ್ನೆ, ಷ, ಗ, ದೀರ್ಘದ ಚಿಹ್ನೆ, ನ ಎಲ್ಲವೂ ಬೇರೆ ಬೇರೆ. 1991ರಲ್ಲಿ ಯುನಿಕೋಡ್ (ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿ) ಮೊದಲ ಸಲ ಬಂದಾಗಿನಿಂದ ಕನ್ನಡ ಅದರಲ್ಲಿ ಹೀಗೇ ಇದೆ. ಇವನ್ನು ಮತ್ತೆ ಕೂಡಿಸಿ ಅಕ್ಷರ ಮಾಡುವುದೇ ಅವಳ ಮೊದಲ ಕೆಲಸವಾಯಿತು. "ಸೂರ್ಯ" ಬಂದಾಗ ಅರ್ಕಾವೊತ್ತಿನಿಂದ ತೊಂದರೆ ಆಗಬಹುದು ಅಂತ ಹೆದರಿದ್ದಳು. ಬರೆಯುವಾಗ ಅದು ಕೊನೆಗೆ ಕೂರುತ್ತದಲ್ಲ. ಆಗಲಿಲ್ಲ. ಯುನಿಕೋಡ್ ಅದನ್ನು ನಾವು ಉಚ್ಚರಿಸುವ ಕ್ರಮದಲ್ಲೇ ಇಟ್ಟಿದೆ. ಮೊದಲು ರ, ಆಮೇಲೆ ಯ. ಈಗ ನಾವೆಲ್ಲ ಟೈಪ್ ಮಾಡುವುದೂ ಅದೇ ಕ್ರಮದಲ್ಲಿ. ಹೇಳಿದಂತೆ ಒತ್ತುವ ಆ ಕೀಲಿಮಣೆಯನ್ನು ಕನ್ನಡಕ್ಕೆ ಕೊಟ್ಟವರು ಇದೇ ಮಂಗಳೂರು ಪಕ್ಕದ ಕಿನ್ನಿಕಂಬಳದ ಕೆ. ಪಿ. ರಾವ್. ತುಳು ಲಿಪಿಯಂತೂ ತುಳು-ತಿಗಳಾರಿ ಅನ್ನುವ ಹೆಸರಿನಲ್ಲಿ ಯುನಿಕೋಡಿಗೆ ಸೇರಿದ್ದು 2024ರಲ್ಲಿ. ಅದಕ್ಕೆ ಫಾಂಟು, ಕೀಲಿಮಣೆ, ಹುಡುಕುವ ಸೌಕರ್ಯ ಎಲ್ಲ ಆಗಬೇಕಷ್ಟೆ. ಲಿಪಿ ಓದಲು ಬರುವವರೇ ಅದಕ್ಕೆ ಕೈ ಹಾಕಬೇಕು.

ಪ್ರೋಗ್ರಾಮ್ ಓಡಿತು. ಆದರೆ ಹಳೆಯ ಕಾವ್ಯದ ಸಾಲುಗಳನ್ನು ಕೊಟ್ಟಾಗ ಕೆಲವು ಕಡೆ ಮಾತ್ರೆ ಜಾಸ್ತಿ ತೋರಿಸತೊಡಗಿತು. ನನ್ನ ಜೊತೆ ಕೆಲಸ ಮಾಡುವ ಎಂಜಿನಿಯರ್ ಒಬ್ಬರಿಗೆ ತೋರಿಸಿದೆ. ಕೋಡ್ ಸರಿ ಇದೆ, ಪದ್ಯವೇ ತಪ್ಪಿರಬೇಕು ಅಂದರು. ಅವಳು ಒಂದೇ ಸಲ ನೋಡಿ, "ಶಿಥಿಲದ್ವಿತ್ವ ಅಕ್ಕ" ಅಂದಳು. ಒತ್ತಕ್ಷರ ಇದ್ದರೂ ತೇಲಿಸಿ ಉಚ್ಚರಿಸುವುದರಿಂದ ಹಿಂದಿನದು ಗುರು ಆಗುವುದಿಲ್ಲ. ಅಂಥ ಮಾತುಗಳನ್ನು ಪಟ್ಟಿ ಮಾಡಿ ಪ್ರೋಗ್ರಾಮಿಗೆ ಸೇರಿಸುತ್ತಿದ್ದಾಳೆ.

ಪಿಜಿ ಎಲ್ಲಿ ಅಂತ ಇನ್ನೂ ತೀರ್ಮಾನ ಆಗಿಲ್ಲ. ಎರಡು ಕಡೆಯ ಹಳೆಯ ಪ್ರಶ್ನೆಪತ್ರಿಕೆ ತರಿಸಿ ನೋಡಿದೆವು. ಒಂದರಲ್ಲಿ ಫೋಟೋಶಾಪಿನ ಟೂಲುಗಳನ್ನು ಹೆಸರಿಸಿ ಅಂತ ಐದು ಮಾರ್ಕಿನ ಪ್ರಶ್ನೆ ಇತ್ತು. ಅದನ್ನು ಅವಳೇ ಪಕ್ಕಕ್ಕಿಟ್ಟಳು. ನಿನ್ನೆಯ ಪ್ರಶ್ನೆ ಬೇರೆ: "ಅಕ್ಕ, ಆದಿಪ್ರಾಸ ಸರಿ ಉಂಟಾ ಅಂತಲೂ ಇದರಲ್ಲೇ ನೋಡ್ಲಿಕ್ಕೆ ಆಗ್ತದಾ?" ಆಗುತ್ತದೆ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ತೆಗೆದು ಹೋಲಿಸಿದರೆ ಆಯಿತು. ಹೇಗೆ ತೆಗೆಯುವುದು ಅಂತ ಮಾತ್ರ ನಾನು ಹೇಳಿಕೊಡಲಿಲ್ಲ.